ಸಲೀಸು ಹೆರಿಗೆಗೆ ದೇಹದ ತಯಾರಿ: ನಾಲ್ಕನೇ ತಿಂಗಳಿಂದ ಬ್ಯಾನಿ (ಹೆರಿಗೆ ನೋವು) ಬರುವ ದಿನದವರೆಗೆ

ಒಂಬತ್ತನೇ ತಿಂಗಳಲ್ಲಿ ತಪಾಸಣೆಗೆ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕಾರ, ನಾರ್ಮಲ್ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?" ತಾಯಿ ಕಾರ್ಡ್ ತೆಗೆದು ನೋಡಿದರೆ ಹಿಮೋಗ್ಲೋಬಿನ್ 8.4 ಇರುತ್ತದೆ. ಮನೆಯಲ್ಲಿ ಮಾತ್ರ ಆಗಲೇ ತಯಾರಿ ಜೋರಾಗಿ ನಡೆದಿರುತ್ತದೆ. ದಿನಾ ತುಪ್ಪ ಕುಡಿಯುವುದು, ಬಗ್ಗಿ ನೆಲ ಒರೆಸುವುದು, ಮೊಬೈಲ್ ನೋಡಿ ಐವತ್ತು ಸಲ ಕೂತು ಏಳುವುದು.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಹೆರಿಗೆ ಕೋಣೆಯ ನರ್ಸ್. ಇಲ್ಲಿ ಹೆಣ್ಣುಮಕ್ಕಳಿಗೆ ಶ್ರಮಕ್ಕೇನೂ ಕೊರತೆ ಇಲ್ಲ, ಎಲ್ಲರೂ ಏನಾದರೊಂದು ಮಾಡೇ ಮಾಡುತ್ತಾರೆ. ತಪ್ಪುವುದು ಕ್ರಮ. ರಕ್ತ ಮೊದಲು. ಆಮೇಲೆ ಕಾಲು, ಸೊಂಟ. ಆಮೇಲೆ ಉಸಿರು. ಎಣ್ಣೆ, ಖರ್ಜೂರ ಎಲ್ಲಾ ಕೊನೆಗೆ. ಬಹಳ ಮಂದಿ ಕೊನೆಯದರಿಂದ ಶುರು ಮಾಡುತ್ತಾರೆ, ಮೊದಲನೆಯದಕ್ಕೆ ಬರುವಷ್ಟರಲ್ಲಿ ದಿನ ತುಂಬಿರುತ್ತದೆ.

ಇದೆಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಸಿಸೇರಿಯನ್ ಬೇಕಾಗುತ್ತದೆ. ಮಗು ಅಡ್ಡ ಇದ್ದರೆ, ಮಾಸು (ಪ್ಲಾಸೆಂಟಾ) ಕೆಳಗೆ ಕೂತಿದ್ದರೆ ಯಾವ ವ್ಯಾಯಾಮವೂ ಅದನ್ನು ಬದಲಿಸುವುದಿಲ್ಲ. ಅದು ತಾಯಿಯ ತಪ್ಪಲ್ಲ. ರಕ್ತ ಚೆನ್ನಾಗಿದ್ದು ಮೈ ಗಟ್ಟಿಯಾಗಿದ್ದರೆ ಆಪರೇಷನ್ ಆದವರೂ ಬೇಗ ಎದ್ದು ಓಡಾಡುತ್ತಾರೆ. ಹಾಗಾಗಿ ಮಾಡಿದ ತಯಾರಿ ಯಾರಿಗೂ ವ್ಯರ್ಥ ಆಗುವುದಿಲ್ಲ.

## ಶುರು ಮಾಡುವ ಮುಂಚೆ: ಡಾಕ್ಟರಿಗೆ ಕೇಳಬೇಕಾದ ಒಂದು ಪ್ರಶ್ನೆ

ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ ನೇರವಾಗಿ ಕೇಳಿ: "ನಾನು ವ್ಯಾಯಾಮ ಮಾಡಬಹುದಾ?" ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ರಕ್ತ ಹೋಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಬಿಪಿ ಜಾಸ್ತಿ ಇದ್ದರೆ, ಅವಳಿ ಇದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ, ಹೃದಯದ ತೊಂದರೆ ಇದ್ದರೆ 3, 4 ಮತ್ತು 7ನೇ ಹಂತಗಳನ್ನು ಡಾಕ್ಟರ್ ಒಪ್ಪದೆ ಮಾಡಬೇಡಿ. 1, 2 ಮತ್ತು 6ನೇ ಹಂತ ಎಲ್ಲರಿಗೂ ಸರಿ. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ ಈ ಸಲ ಎಲ್ಲಿ, ಹೇಗೆ ಹೆರಿಗೆ ಎಂಬುದನ್ನೂ ಅವತ್ತೇ ಕೇಳಿಬಿಡಿ.

## ಬೇಕಾಗುವ ಸಾಮಾನು

ಪೇಟೆಯಿಂದ ತರಬೇಕಾದದ್ದು ಬಹಳ ಕಮ್ಮಿ. ಮಡಚಿದ ಕೌದಿ, ಎರಡು ದಿಂಬು, ಹಿಡಿದುಕೊಳ್ಳಲು ಅಲುಗಾಡದ ಕಿಟಕಿ ಸರಳು ಅಥವಾ ಕಟ್ಟೆ, ಒಂದು ಗಟ್ಟಿ ಮಣೆ, ಸೆಕೆಂಡ್ ಕಾಣುವ ಗಡಿಯಾರ ಇಲ್ಲವೇ ಮೊಬೈಲ್. ಕೊನೆಯ ತಿಂಗಳಿಗೆ ಶುದ್ಧ ಕೊಬ್ಬರಿ ಎಣ್ಣೆ. ದೊಡ್ಡ ವ್ಯಾಯಾಮದ ಚೆಂಡು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಸೀರೆ ಉಟ್ಟು ವ್ಯಾಯಾಮ ಮಾಡಿದರೆ ಕಾಲಿಗೆ ತೊಡರುತ್ತದೆ. ಸಡಿಲ ಚೂಡಿದಾರ್ ಅಥವಾ ನೈಟಿ ಇರಲಿ.

## ಹಂತ 1: ರಕ್ತ (14ನೇ ವಾರದಿಂದ)

ಹೆರಿಗೆ ಅಂದರೆ ಗರ್ಭಕೋಶದ ಸ್ನಾಯು ಗಂಟೆಗಟ್ಟಲೆ ದುಡಿಯುವ ಕೆಲಸ. ಆ ಸ್ನಾಯುವಿಗೆ ಆಮ್ಲಜನಕ ಮುಟ್ಟಿಸುವುದು ರಕ್ತ. ರಕ್ತ ಕಮ್ಮಿ ಇದ್ದ ತಾಯಿ ಬೇಗ ಸೋಲುತ್ತಾಳೆ. ಹೆರಿಗೆ ಆದ ಮೇಲೆ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಬೇರೆಯವರು ತಡೆದುಕೊಳ್ಳುವ ಆ ನಷ್ಟವನ್ನು ಈಕೆ ತಡೆದುಕೊಳ್ಳಲಾರಳು. ಅದಕ್ಕೇ ಇದು ಮೊದಲ ಹಂತ.

ಬಸುರಿಯರಿಗೆ ಹಿಮೋಗ್ಲೋಬಿನ್ 11 ಅಥವಾ ಮೇಲೆ ಇರಬೇಕು. 7ಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ. ಅದನ್ನು ಮನೆಯಲ್ಲಿ ಬೀಟ್‌ರೂಟ್ ತಿಂದು ಸರಿ ಮಾಡಲು ಆಗುವುದಿಲ್ಲ, ಆಸ್ಪತ್ರೆಗೇ ಹೋಗಬೇಕು. 7ರಿಂದ 11ರ ನಡುವೆ ಇದ್ದರೆ ಸಾಮಾನ್ಯವಾಗಿ ಕಬ್ಬಿಣಾಂಶದ ಗುಳಿಗೆ ದಿನಕ್ಕೆ ಎರಡು ಹೇಳುತ್ತಾರೆ. ದಿನ ಹತ್ತಿರ ಬಂದಿದ್ದರೆ ಅಥವಾ ಗುಳಿಗೆ ಹಿಡಿಸದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡುತ್ತಾರೆ.

ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ ಕಮ್ಮಿ ಅಂದರೂ 180 ದಿನ ತಗೋಬೇಕು. ಹೆರಿಗೆ ಆದ ಮೇಲೂ 180 ದಿನ. ನಮ್ಮಲ್ಲಿ ಗುಳಿಗೆ ಸಿಗುವುದು ಕಷ್ಟ ಅಲ್ಲ. ನುಂಗಿದರೂ ಮೈಗೆ ಹತ್ತದಂತೆ ನುಂಗುವುದೇ ತೊಂದರೆ.

ಅದು ಹೀಗೆ ಆಗುತ್ತದೆ. ರೊಟ್ಟಿ ಊಟ ಮುಗಿಯುತ್ತದೆ. ಹಿಂದೆಯೇ ಕೆಂಪು ಗುಳಿಗೆ, ಅದರ ಜೊತೆಗೇ ಕ್ಯಾಲ್ಸಿಯಂ ಗುಳಿಗೆ, ಮೇಲೆ ಒಂದು ಕಪ್ ಚಹಾ. ಮೂರೂ ಒಂದೇ ಹೊತ್ತಿಗೆ. ಚಹಾದಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ, ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಒಬ್ಬಾಕೆ ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ್ದಳು. ಖಾಲಿ ಪಟ್ಟಿಗಳನ್ನೆಲ್ಲ ರಬ್ಬರ್ ಹಾಕಿ ಕಟ್ಟಿಕೊಂಡು ತಂದು ತೋರಿಸಿದಳು. ಹಿಮೋಗ್ಲೋಬಿನ್ ಏರಿದ್ದು ಬರೀ ಅರ್ಧ ಗ್ರಾಂ. ಚಹಾದ ಹೊತ್ತು ಬದಲಿಸಿದ ಮೇಲೆ ಮುಂದಿನ ತಿಂಗಳು ಒಂದು ಗ್ರಾಂಗಿಂತ ಜಾಸ್ತಿ ಏರಿತು.

ಆದ್ದರಿಂದ ಹೊತ್ತು ಹೀಗೆ ಇಟ್ಟುಕೊಳ್ಳಿ:

1. ಬೆಳಗಿನ ಮತ್ತು ಮಧ್ಯಾಹ್ನದ ಊಟದ ಜೊತೆ ತಲಾ ಒಂದು ಕ್ಯಾಲ್ಸಿಯಂ ಗುಳಿಗೆ (500 ಮಿಲಿಗ್ರಾಂ).
2. ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವ ಮುಂಚೆ ಕೆಂಪು ಗುಳಿಗೆ. ಈ ಹೊತ್ತಿಗೆ ನುಂಗಿದರೆ ವಾಂತಿ ಬಂದಂತೆ ಆಗುವುದೂ ಕಮ್ಮಿ.
3. ಅದರ ಜೊತೆ ಅರ್ಧ ನಿಂಬೆಹಣ್ಣಿನ ನೀರು. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಇಂಡಿ ನಿಂಬೆ ಬೆಳೆಯುವ ವಿಜಯಪುರದವರಿಗೆ ಇದನ್ನು ಬೇರೆ ಹೇಳಬೇಕಾ?
4. ಚಹಾ, ಕಾಫಿ ಗುಳಿಗೆಗೂ ಊಟಕ್ಕೂ ಒಂದು ಗಂಟೆ ದೂರ ಇರಲಿ.

ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ ಅನ್ನುವುದು ಸುಳ್ಳು. ಮಲಬದ್ಧತೆ ಆದರೆ ನೀರು, ಸೊಪ್ಪು ಜಾಸ್ತಿ ಮಾಡಿ, ಗುಳಿಗೆ ನಿಲ್ಲಿಸಬೇಡಿ. ನಾಲ್ಕನೇ ತಿಂಗಳಿನ ನಂತರ ಕೊಡುವ ಜಂತುಹುಳದ ಒಂದು ಗುಳಿಗೆಯನ್ನೂ ಬಿಡಬೇಡಿ, ಬರಿಗಾಲಲ್ಲಿ ಹೊಲಕ್ಕೆ ಹೋಗುವವರಂತೂ ಖಂಡಿತ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆ ಉಚಿತವಾಗಿ ಇರುತ್ತದೆ.

ತಪ್ಪಿದೆ ಎಂಬ ಗುರುತು: ಒಂದು ತಿಂಗಳು ಗುಳಿಗೆ ತಗೊಂಡರೂ ಒಂದು ಗ್ರಾಂ ಕೂಡ ಏರದಿರುವುದು, ನಾಲ್ಕು ಮೆಟ್ಟಿಲು ಹತ್ತಿದರೆ ತೇಕು ಬರುವುದು, ಮಣ್ಣು, ಬಳಪ, ಇದ್ದಿಲು ತಿನ್ನಬೇಕು ಅನ್ನಿಸುವುದು. ಬಯಕೆ ಅಂತ ಮಣ್ಣು ತಿನ್ನಲು ಬಿಡಬೇಡಿ. ಅದು ರಕ್ತ ಕಮ್ಮಿ ಇರುವುದರ ಸೂಚನೆಯೂ ಆಗಿರಬಹುದು.

## ಹಂತ 2: ಊಟ ಮತ್ತು ತೂಕ

"ಕಮ್ಮಿ ಉಂಡರ ಕೂಸು ಸಣ್ಣದಿರ್ತೈತಿ, ಸಲೀಸ ಹೊರಗ ಬರ್ತೈತಿ." ಈ ಮಾತು ಇನ್ನೂ ನಡೆಯುತ್ತಿದೆ. ಇದನ್ನು ನಂಬಿ ಊಟ ಬಿಟ್ಟ ತಾಯಿಯ ಕೈಯಲ್ಲಿ ಹೆರಿಗೆ ಹೊತ್ತಿಗೆ ಶಕ್ತಿ ಇರುವುದಿಲ್ಲ, ಮಗುವಿನ ತೂಕವೂ ಬೇಕಾದಷ್ಟು ಇರುವುದಿಲ್ಲ. ಎರಡು ಜೀವಕ್ಕೆ ಅಂತ ಎರಡು ಪಟ್ಟು ಉಣ್ಣುವುದೂ ಬೇಡ. ನಾಲ್ಕನೇ ತಿಂಗಳ ಮೇಲೆ ಮಾಮೂಲಿ ಊಟದ ಮೇಲೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ, ಒಂದು ಲೋಟ ಹಾಲು ಹೆಚ್ಚಿಗೆ ಇದ್ದರೆ ಸಾಕು. ಬಸುರಿಗೆ ಮುಂಚೆ ತೂಕ ಸರಿಯಾಗಿದ್ದವರು ಒಟ್ಟು 10ರಿಂದ 12 ಕೆಜಿ ಏರಿದರೆ ಒಳ್ಳೆಯದು.

ನಮ್ಮ ತಾಟಿನಲ್ಲಿ ಬೇಕಾದದ್ದು ಮುಕ್ಕಾಲು ಪಾಲು ಇದ್ದೇ ಇದೆ. ಮಡಕೆಕಾಳು, ಹೆಸರುಕಾಳು, ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಮೊಸರು. ಮೊಟ್ಟೆ ತಿನ್ನುವವರು ದಿನಕ್ಕೊಂದು ತಿನ್ನಿ. ಎಡವಟ್ಟಾಗುವುದು ಬಡಿಸುವ ಸರದಿಯಲ್ಲಿ. ಎಲ್ಲರ ಊಟ ಆದ ಮೇಲೆ ಸೊಸೆ ಕೂತಾಗ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಕಾಳಿನ ಬೋಗುಣಿಯಲ್ಲಿ ಬರೀ ರಸ. ಅತ್ತೆಯವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೈಮುಗಿದ ಕೋರಿಕೆ: ಕಾಳಿನ ಒಂದು ಬಟ್ಟಲನ್ನು ಮೊದಲೇ ತೆಗೆದಿಡಿ. ಅಂಗನವಾಡಿಯ ಮಾತೃಪೂರ್ಣ ಊಟ ಸಿಗುವ ಕಡೆ ನಾಚಿಕೊಳ್ಳದೆ ಹೋಗಿ.

ತುಪ್ಪದ ಬಗ್ಗೆ. ಕುಡಿದ ತುಪ್ಪ ಹೊಟ್ಟೆಯಲ್ಲಿ ಜೀರ್ಣ ಆಗುತ್ತದೆ, ಅದು ಮಗು ಬರುವ ದಾರಿಗೆ ಹೋಗುವುದೇ ಇಲ್ಲ. ರೊಟ್ಟಿಗೆ, ಅನ್ನಕ್ಕೆ ಒಂದೆರಡು ಚಮಚ ಹಾಕಿಕೊಳ್ಳಿ. ಲೋಟ ಲೋಟ ಕುಡಿದರೆ ತೂಕ ಮಾತ್ರ ಏರುತ್ತದೆ.

ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುತ್ತಾರೆ. 140 ಅಥವಾ ಮೇಲೆ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಇದನ್ನು ಬಿಟ್ಟರೆ ಮಗು ಅತಿ ದಪ್ಪ ಬೆಳೆದು ಭುಜ ಸಿಕ್ಕಿಕೊಳ್ಳುವ ಅಪಾಯ ಇದೆ.

ತಪ್ಪಿದೆ ಎಂಬ ಗುರುತು: ತಿಂಗಳಿಡೀ ತೂಕ ಏರದಿರುವುದು. ಅಥವಾ ಒಂದೇ ವಾರದಲ್ಲಿ ಒಂದು ಕೆಜಿಗಿಂತ ಜಾಸ್ತಿ ಏರಿ, ಮುಖ, ಕೈ ಊದಿ ಬಳೆ ಬಿಗಿಯಾಗುವುದು. ಎರಡನೆಯದು ಕಂಡ ದಿನವೇ ಬಿಪಿ ನೋಡಿಸಿ.

## ಹಂತ 3: ನಡಿಗೆ (16ನೇ ವಾರದಿಂದ)

ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಶುರುವಿಗೆ ಹತ್ತು ನಿಮಿಷ ಸಾಕು, ವಾರಕ್ಕೆ ಐದು ನಿಮಿಷ ಏರಿಸುತ್ತಾ ಹೋಗಿ. ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತು ನಡುವೆ ಕಡಿಯುತ್ತಿದ್ದರೆ ನಿಧಾನ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಏಳರೊಳಗೆ, ಇಲ್ಲವೇ ಸಂಜೆ ನೆಲ ತಣ್ಣಗಾದ ಮೇಲೆ ನಡೆಯಿರಿ. ಹೊರಡುವ ಮುಂಚೆ ಒಂದು ಲೋಟ ನೀರು, ಬಂದ ಮೇಲೆ ಒಂದು ಲೋಟ ಮಜ್ಜಿಗೆ. ಮೂತ್ರ ತಿಳಿ ಹಳದಿ ಇರಬೇಕು. ಸಾಸಿವೆ ಎಣ್ಣೆಯ ಹಾಗೆ ಗಾಢ ಆಗಿದ್ದರೆ ನೀರು ಸಾಲುತ್ತಿಲ್ಲ.

"ಹೊಲದಾಗ ದಿನಾ ದುಡಿತೇನ್ರಿ, ಮತ್ತ ವಾಕಿಂಗ್ ಯಾಕ?" ಈ ಪ್ರಶ್ನೆಯಲ್ಲಿ ನ್ಯಾಯ ಇದೆ. ಕಬ್ಬು ಕಡಿಯುವವರು, ಹತ್ತಿ ಬಿಡಿಸುವವರು ಬೇರೆ ನಡಿಗೆ ಮಾಡಬೇಕಿಲ್ಲ. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಭಾರ ಎತ್ತದಿರುವುದು. ಮಧ್ಯಾಹ್ನ ಒಂದು ಗಂಟೆ ಪಕ್ಕಕ್ಕೆ ತಿರುಗಿ ಮಲಗಿ. ಇಳಕಲ್ಲು, ಗುಳೇದಗುಡ್ಡದ ಕಡೆ ಮಗ್ಗದ ಮೇಲೆ ಕೂರುವವರ ತೊಂದರೆ ಬೇರೆ. ಅವರ ಸೊಂಟ ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಐದು ನಿಮಿಷ ಓಡಾಡಿ, ಸಂಜೆಯ ನಡಿಗೆ ತಪ್ಪಿಸಬೇಡಿ.

ನಿಲ್ಲಿಸಬೇಕಾದ ಗುರುತು: ರಕ್ತ ಅಥವಾ ನೀರು ಹೋಗುವುದು, ಎದೆನೋವು, ತಲೆ ತಿರುಗುವುದು, ಒಂದೇ ಮೀನಖಂಡ ಊದಿ ನೋಯುವುದು, ಹೊಟ್ಟೆ ಮತ್ತೆ ಮತ್ತೆ ಕಲ್ಲಿನ ಹಾಗೆ ಬಿಗಿಯುವುದು.

## ಹಂತ 4: ಸೊಂಟ ಮತ್ತು ತೊಡೆ (20ನೇ ವಾರದಿಂದ)

ದಿನಕ್ಕೆ ಹದಿನೈದು ನಿಮಿಷ, ಇದೇ ಸರದಿಯಲ್ಲಿ. ಊಟವಾಗಿ ಎರಡು ಗಂಟೆ ಆಗಿರಲಿ.

1. ಅಂಬೆಗಾಲಿನ ಭಂಗಿ. ಕೌದಿ ಮೇಲೆ ಕೈ, ಮೊಣಕಾಲು ಊರಿ. ಉಸಿರು ಬಿಡುತ್ತಾ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆ ಬಾಗಿಸಿ. ಉಸಿರು ಎಳೆಯುತ್ತಾ ನೇರ ಮಾಡಿ, ಕೆಳಗೆ ಜೋತುಬಿಡಬೇಡಿ. ಹತ್ತು ಸಲ. ಬೆನ್ನುನೋವಿಗೂ ಇದು ಒಳ್ಳೆಯದು.
2. ಪಾದ ಕೂಡಿಸಿ ಕೂರುವುದು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಅಂಗಾಲು ಕೂಡಿಸಿ, ಮೊಣಕಾಲು ಪಕ್ಕಕ್ಕೆ ಬಿಡಿ. ಮೊಣಕಾಲನ್ನು ಕೈಯಿಂದ ಒತ್ತಬೇಡಿ. ಎರಡು ನಿಮಿಷ.
3. ಕುಕ್ಕರಗಾಲು. ಕಿಟಕಿ ಸರಳು ಹಿಡಿದು, ಕಾಲು ಅಗಲಿಸಿ, ಹಿಮ್ಮಡಿ ನೆಲಕ್ಕೆ ಊರಿ ನಿಧಾನ ಇಳಿಯಿರಿ. ಕೆಳಗೆ ಮಣೆ ಇಟ್ಟುಕೊಂಡು ಅದರ ಮೇಲೆ ಕೂತರೆ ಇನ್ನೂ ಒಳ್ಳೆಯದು. ಅರ್ಧ ನಿಮಿಷ ಕೂತು ಏಳಿ. ಐದು ಸಲ ಸಾಕು.
4. ಸೊಂಟ ತಿರುಗಿಸುವುದು. ನಿಂತು ಗೋಡೆ ಹಿಡಿದು ಸೊಂಟವನ್ನು ಬೀಸುಕಲ್ಲಿನ ಹಾಗೆ ಬಲಕ್ಕೆ ಹತ್ತು, ಎಡಕ್ಕೆ ಹತ್ತು ಸುತ್ತು. ಇದೇ ಚಲನೆ ಬ್ಯಾನಿ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಬಸುರಿನಲ್ಲಿ ಕೀಲುಗಳು ತಾವಾಗಿಯೇ ಸಡಿಲ ಆಗಿರುತ್ತವೆ. ಜಗ್ಗಿ ಎಳೆದರೆ ಉಳುಕುತ್ತವೆ. ಐವತ್ತು, ನೂರು ಸಲ ಕೂತು ಏಳುವುದು ಬೇಡವೇ ಬೇಡ. ಹೊಟ್ಟೆಯ ಕೆಳಗೆ, ತೊಡೆ ಕೂಡುವ ಮೂಳೆಯಲ್ಲಿ ಚುಚ್ಚುವ ನೋವು ಇದ್ದರೆ ಕಾಲು ಅಗಲಿಸುವ 2 ಮತ್ತು 3ನ್ನು ಬಿಡಿ. ಒಂಬತ್ತನೇ ತಿಂಗಳಲ್ಲೂ ಮಗುವಿನ ತಲೆ ಮೇಲೇ ಇದ್ದರೆ ಡಾಕ್ಟರಿಗೆ ಕೇಳದೆ ಕುಕ್ಕರಗಾಲು ಬೇಡ.

ನೆಲ ಒರೆಸುವುದು ತಪ್ಪಲ್ಲ, ಮಂಡಿಯೂರಿ ಮಾಡಿದರೆ ಅದೂ ಅಂಬೆಗಾಲೇ. ನಿಂತು ಸೊಂಟ ಬಗ್ಗಿಸಿ ಮಾಡಿದರೆ ಬೆನ್ನು ಹೋಗುತ್ತದೆ. ಒದ್ದೆ ಷಹಾಬಾದ್ ಕಲ್ಲಿನ ಮೇಲೆ ಜಾರಿ ಬಿದ್ದವರನ್ನೂ ನೋಡಿದ್ದೇನೆ.

28ನೇ ವಾರದಿಂದ ಅಂಗಾತ ಮಲಗುವುದನ್ನು ಬಿಡಿ. ಭಾರದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಎಡಕ್ಕೋ ಬಲಕ್ಕೋ ತಿರುಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟು ಮಲಗಿ. ನಡುರಾತ್ರಿ ಎಚ್ಚರ ಆದಾಗ ಅಂಗಾತ ಇದ್ದರೆ ಹೆದರಬೇಡಿ, ಸುಮ್ನೆ ಪಕ್ಕಕ್ಕೆ ತಿರುಗಿ.

## ಹಂತ 5: ಕೆಳಗಿನ ಸ್ನಾಯು: ಬಿಗಿಯುವುದು, ಬಿಡುವುದು

ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗೆ ಮೇಲಕ್ಕೆ ಎಳೆಯಿರಿ. ಐದು ಸೆಕೆಂಡ್ ಹಿಡಿದು, ಹತ್ತು ಸೆಕೆಂಡ್ ಪೂರ್ತಿ ಬಿಡಿ. ಇದು ಒಂದು ಸಲ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ. ತೊಡೆ, ಪೃಷ್ಠ ಬಿಗಿಯುತ್ತಿದ್ದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ ಅಂತ ಅರ್ಥ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು.

ಎಲ್ಲರೂ ಬಿಗಿಯುವುದನ್ನು ಕಲಿಯುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಮಗು ಹೊರಬರುವುದು ಆ ಸ್ನಾಯು ಬಿಟ್ಟಾಗ. 34ನೇ ವಾರದ ಮೇಲೆ ಬಿಡುವ ಹತ್ತು ಸೆಕೆಂಡಿನ ಮೇಲೇ ಜಾಸ್ತಿ ಗಮನ ಇಡಿ. ದವಡೆ, ತುಟಿ ಸಡಿಲ ಬಿಟ್ಟು, ನಿಧಾನ ಉಸಿರು ಬಿಡುತ್ತಾ ಕೆಳಗೂ ಸಡಿಲ ಆಗುವುದನ್ನು ಗಮನಿಸಿ. ಹಲ್ಲು ಕಚ್ಚಿದರೆ ಕೆಳಗೂ ಬಿಗಿಯುತ್ತದೆ. ಬೇಕಿದ್ದರೆ ಈಗಲೇ ಕೂತಲ್ಲೇ ಮಾಡಿ ನೋಡಿ.

## ಹಂತ 6: ಉಸಿರು (28ನೇ ವಾರದಿಂದ, ದಿನಾ)

ಮೂಗಿನಿಂದ ನಾಲ್ಕು ಎಣಿಸುತ್ತಾ ಎಳೆದುಕೊಳ್ಳಿ, ಬಾಯಿಂದ ಆರು ಎಣಿಸುತ್ತಾ ಬಿಡಿ. ಬಿಡುವುದು ಉದ್ದ ಇರಬೇಕು. ಇಷ್ಟೇ. ಆದರೆ ಆರಾಮಾಗಿ ಕೂತು ಕಲಿತದ್ದು ನೋವಿನಲ್ಲಿ ನೆನಪಿಗೆ ಬರುವುದಿಲ್ಲ. ಅದಕ್ಕೆ ನಾನು ಹೇಳಿಕೊಡುವುದು ಹೀಗೆ.

ಗಡಿಯಾರ ಎದುರಿಗೆ ಇಟ್ಟುಕೊಂಡು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಅಕ್ಕಪಕ್ಕ ಚಾಚಿ. ಒಂದು ನಿಮಿಷ ಇಳಿಸಬೇಡಿ. ಮೂವತ್ತು ಸೆಕೆಂಡಿಗೆ ತೋಳು ಉರಿಯುತ್ತದೆ. ನಲವತ್ತೈದಕ್ಕೆ ಹುಬ್ಬು ಗಂಟಿಕ್ಕುತ್ತದೆ, ಉಸಿರು ಕಟ್ಟುತ್ತದೆ. ಅಲ್ಲೇ ಹಿಡಿಯಬೇಕು: ಹುಬ್ಬು ಬಿಡಿ, ಭುಜ ಇಳಿಸಿ, ಉಸಿರು ಉದ್ದಕ್ಕೆ ಬಿಡಿ. ಜೋರು ಬ್ಯಾನಿಯೂ ಸುಮಾರು ಒಂದು ನಿಮಿಷದ್ದೇ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ, ನಡುವೆ ಬಿಡುವು ಕೊಡುತ್ತದೆ. ಆ ಒಂದು ನಿಮಿಷ ದಾಟುವುದನ್ನು ಮೈಗೆ ಕಲಿಸಿದವರು ಹೆರಿಗೆ ಕೋಣೆಯಲ್ಲಿ ಬೇರೆಯೇ ಕಾಣುತ್ತಾರೆ. ಕೈ ಇಳಿಸಿ ಒಂದು ನಿಮಿಷ ಪೂರ್ತಿ ಸಡಿಲ ಬಿಡಿ, ಮತ್ತೆ ಚಾಚಿ. ಮೂರು ಸಲ.

ದನಿ ಬಂದರೆ ತಡೆಯಬೇಡಿ. ಕೀರಲು ದನಿಯಲ್ಲಿ ಚೀರಿದರೆ ಗಂಟಲೂ ಮೈಯೂ ಬಿಗಿಯುತ್ತದೆ. ಎದೆಯಿಂದ "ಹೂಂ" ಅಂತ ಕೆಳದನಿಯಲ್ಲಿ ನರಳಿದರೆ ಸಡಿಲ ಆಗುತ್ತದೆ. ನಮ್ಮ ಆಯಿಗಳು ನರಳುತ್ತಿದ್ದದ್ದು ಹೀಗೇ.

## ಹಂತ 7: ಎಣ್ಣೆ ಮಸಾಜ್ ಮತ್ತು ಖರ್ಜೂರ (35ನೇ ವಾರದಿಂದ)

ಮೊದಲ ಹೆರಿಗೆಯವರಿಗೆ ಇದು ಜಾಸ್ತಿ ಉಪಯೋಗ. ಯೋನಿಗೂ ಗುದಕ್ಕೂ ನಡುವಿನ ಜಾಗವನ್ನು ವಾರಕ್ಕೆ ಒಂದೆರಡು ಸಲ ಮಸಾಜ್ ಮಾಡಿದರೆ ಹೊಲಿಗೆ ಬೀಳುವ ಸಾಧ್ಯತೆ ಸ್ವಲ್ಪ ಕಮ್ಮಿ ಆಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹೇಳಲು ನಾಚಿಕೆ ಅನ್ನಿಸಿ ಬಹಳ ಕಡೆ ಇದನ್ನು ಹೇಳುವುದೇ ಇಲ್ಲ.

1. ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆಯಿರಿ. ಬೆಚ್ಚಗಿನ ನೀರಿನ ಸ್ನಾನದ ಮೇಲೆ ಮಾಡಿದರೆ ಸಲೀಸು.
2. ದಿಂಬಿಗೆ ಒರಗಿ ಕೂತು ಮೊಣಕಾಲು ಮಡಚಿ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ.
3. ಹೆಬ್ಬೆರಳನ್ನು ಮೂರು ಸೆಂಟಿಮೀಟರ್‌ನಷ್ಟು ಒಳಗಿಟ್ಟು, ಕೆಳಗೆ ಗುದದ ಕಡೆಗೆ ಒತ್ತಿ. ಸ್ವಲ್ಪ ಉರಿ ಅನ್ನಿಸಿದಲ್ಲಿ ಒಂದು ನಿಮಿಷ ಹಿಡಿದು, ಉಸಿರು ಬಿಡುತ್ತಾ ಸಡಿಲ ಆಗಿ.
4. ಆಮೇಲೆ ಎಡಕ್ಕೆ, ಬಲಕ್ಕೆ ನಿಧಾನವಾಗಿ ಅರ್ಧಚಂದ್ರದ ಹಾಗೆ ಜರುಗಿಸಿ. ಒಟ್ಟು ಐದು ನಿಮಿಷ. ಮೇಲ್ಭಾಗದ ಮೂತ್ರದ್ವಾರದ ಕಡೆ ಒತ್ತಬೇಡಿ.

ಮಾಸು ಕೆಳಗಿದ್ದರೆ, ನೀರು ಸೋರುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ತುರಿಕೆ, ದುರ್ವಾಸನೆಯ ಬಿಳಿ ಮುಟ್ಟು ಇದ್ದರೆ ಮಾಡಬಾರದು.

36ನೇ ವಾರದಿಂದ ದಿನಕ್ಕೆ ಆರು ಖರ್ಜೂರ ತಿಂದವರಿಗೆ ಆಸ್ಪತ್ರೆಗೆ ಬರುವಾಗಲೇ ಗರ್ಭಕೋಶದ ಬಾಯಿ ಹೆಚ್ಚು ತೆರೆದಿತ್ತು ಎಂದು 2011ರಲ್ಲಿ ಪ್ರಕಟವಾದ ಜೋರ್ಡಾನ್‌ನ ಒಂದು ಚಿಕ್ಕ ಅಧ್ಯಯನ ಹೇಳಿತು. ತಿನ್ನಲು ಅಡ್ಡಿ ಇಲ್ಲ, ಅದೇ ಮದ್ದು ಅಂತ ನಂಬಬೇಡಿ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರಿಗೆ ಕೇಳದೆ ತಿನ್ನಬಾರದು.

ಎರಡು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಬ್ಯಾನಿ ಬರಲಿ ಅಂತ ಔಡಲ ಎಣ್ಣೆ (ಹರಳೆಣ್ಣೆ) ಕುಡಿಯಬೇಡಿ. ಭೇದಿ, ವಾಂತಿ ಆಗಿ ನೀರು, ಶಕ್ತಿ ಎರಡೂ ಖಾಲಿ ಆಗುತ್ತವೆ. ಎರಡನೆಯದು ಇನ್ನೂ ಅಪಾಯ: ಮನೆಗೆ ಬಂದು ಯಾರಾದರೂ "ಬ್ಯಾನಿ ಇಂಜೆಕ್ಷನ್" ಚುಚ್ಚುತ್ತೇನೆ ಅಂದರೆ ಬಿಡಬೇಡಿ. ಆ ಔಷಧ ಅಳತೆ ಮೀರಿದರೆ ಗರ್ಭಕೋಶ ಒಡೆಯುತ್ತದೆ, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಅದನ್ನು ಆಸ್ಪತ್ರೆಯಲ್ಲಿ ಹನಿ ಲೆಕ್ಕದಲ್ಲಿ, ಮಗುವಿನ ಎದೆಬಡಿತ ನೋಡುತ್ತಾ ಕೊಡಬೇಕು.

## ಹಂತ 8: ಕುಬುಸ (ಸೀಮಂತ) ಆದ ಮೇಲೆ, ತವರಿಗೆ ಹೋಗುವಾಗ

ಮೊದಲ ಹೆರಿಗೆ ತವರಲ್ಲಿ ಅನ್ನುವುದು ನಮ್ಮ ಪದ್ಧತಿ. ಸೀರೆ, ಬಳೆ, ಬುತ್ತಿ ಎಲ್ಲಾ ಹೋಗುತ್ತದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಗಂಡನ ಮನೆಯ ಟ್ರಂಕಿನಲ್ಲಿ ಉಳಿಯುತ್ತದೆ. ಹಾಗೆ ಬಂದವರ ರಕ್ತದ ಗುಂಪು ಕೂಡ ನಮಗೆ ಗೊತ್ತಿರುವುದಿಲ್ಲ. ಕಾರ್ಡನ್ನು ಉಡಿಯಲ್ಲೇ ಇಟ್ಟುಕೊಂಡು ಹೋಗಿ. ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾಗೆ ಹೇಳಿ, ಹೆರಿಗೆ ಮಾಡಿಸುವ ಆಸ್ಪತ್ರೆಗೆ ಒಮ್ಮೆ ತೋರಿಸಿಕೊಂಡು ಬನ್ನಿ. ತವರು ಸಾಂಗಲಿ, ಸೊಲ್ಲಾಪುರದ ಕಡೆ ಇದ್ದರೂ ತುರ್ತಿಗೆ ಕರೆಯುವ ನಂಬರ್ 108 ಒಂದೇ.

ಕೃಷ್ಣಾ, ಘಟಪ್ರಭಾ ದಂಡೆಯ ಊರಿನವರು ಇನ್ನೊಂದು ಲೆಕ್ಕ ಹಾಕಬೇಕು. ದಿನ ತುಂಬುವುದು ಜುಲೈಯಿಂದ ಸೆಪ್ಟೆಂಬರ್ ನಡುವೆ ಬಂದರೆ, ಸೇತುವೆ ಮುಳುಗಿದಾಗ ಆಸ್ಪತ್ರೆಗೆ ಯಾವ ದಾರಿ? ಉತ್ತರ ಇಲ್ಲದಿದ್ದರೆ 37ನೇ ವಾರದೊಳಗೆ ಆಸ್ಪತ್ರೆ ಇರುವ ಕಡೆಯ ನೆಂಟರ ಮನೆಗೆ ಬಂದಿರಿ.

ಜೊತೆಗೆ ಇರುವವರನ್ನು ಈಗಲೇ ಗೊತ್ತು ಮಾಡಿ. ಅವ್ವ, ಅಕ್ಕ, ವೈನಿ ಯಾರಾದರೂ ಸರಿ, ಹೆದರಿಸದವರು ಇರಲಿ. ಹೆರಿಗೆ ಕೋಣೆಯಲ್ಲಿ ಒಬ್ಬರು ಜೊತೆಗಿದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಮ್ಮಿ ಆಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲೂ 2016ರಿಂದ ಹೆರಿಗೆ ಸಂಗಾತಿಗೆ ಅನುಮತಿ ಇದೆ. ಮುಂಚೆಯೇ ಕೇಳಿಟ್ಟುಕೊಳ್ಳಿ. 6ನೇ ಹಂತದ ಉಸಿರನ್ನು ಅವರಿಗೂ ಕಲಿಸಿ.

## ಕಾಯಬಾರದ ಸೂಚನೆಗಳು

ಇವುಗಳಲ್ಲಿ ಒಂದೇ ಕಂಡರೂ, ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಕರೆ ಮಾಡಿ ಹೊರಡಿ:

- ರಕ್ತ ಹೋಗುವುದು. ಲೋಳೆಯ ಜೊತೆ ಬರುವ ಕೆಂಪು ಗೆರೆ ಬೇರೆ, ಬಟ್ಟೆ ನೆನೆಯುವ ರಕ್ತ ಬೇರೆ.
- ನೀರು ಹೋಗುವುದು, ನೋವು ಇಲ್ಲದಿದ್ದರೂ. ನೀರು ಹಸಿರು ಇದ್ದರೆ ಇನ್ನೂ ಅವಸರ.
- ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಊದುವುದು, ಫಿಟ್ಸ್. ಬಿಪಿ 140/90 ಮುಟ್ಟಿದರೆ ಅಪಾಯದ ಲೆಕ್ಕ.
- ಮಗುವಿನ ಅಲುಗಾಟ ಕಮ್ಮಿ ಆಗುವುದು. ಉಂಡು ಪಕ್ಕಕ್ಕೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.
- ಜ್ವರ, ಅಥವಾ ಬಿಡುವೇ ಇಲ್ಲದ ಹೊಟ್ಟೆನೋವು.
- 37 ವಾರಕ್ಕೆ ಮುಂಚೆ ಬರುವ ಬ್ಯಾನಿ.

## ಹಂತ 9: ಬ್ಯಾನಿ ಬಂದ ದಿನ

ಸುಳ್ಳು ಬ್ಯಾನಿ ನಡೆದಾಡಿದರೆ, ನೀರು ಕುಡಿದರೆ ತಣ್ಣಗಾಗುತ್ತದೆ. ನಿಜವಾದದ್ದು ಹತ್ತಿರ ಹತ್ತಿರ ಆಗುತ್ತಾ, ಜೋರಾಗುತ್ತಾ ಹೋಗುತ್ತದೆ. ಒಂದು ಬ್ಯಾನಿ ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸಿ, ಬರೆದಿಡಿ. ಪೇಟೆಯಲ್ಲಿ ಆಸ್ಪತ್ರೆ ಹತ್ತಿರ ಇದ್ದವರು ಐದು ನಿಮಿಷಕ್ಕೊಂದರಂತೆ ಒಂದು ಗಂಟೆ ಬಂದ ಮೇಲೆ ಹೊರಟರೆ ಆಗುತ್ತದೆ. ಹಳ್ಳಿಯವರು ಹತ್ತು ನಿಮಿಷಕ್ಕೊಂದು ಆದಾಗಲೇ ಹೊರಡಿ. ಎರಡನೇ ಹೆರಿಗೆಯವರು ಇನ್ನೂ ಬೇಗ.

ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವವರೆಗಿನ ಹೊತ್ತು ಮೊದಲ ಸಲದವರಿಗೆ ಬಹಳ ಉದ್ದ, ಒಂದು ದಿನ ಕೂಡ ಹಿಡಿಯಬಹುದು. ಅಷ್ಟರಲ್ಲೇ ಶಕ್ತಿ ಕಳೆದುಕೊಳ್ಳುವುದು ದೊಡ್ಡ ತಪ್ಪು. ಮಲಗಿದ್ದಲ್ಲೇ ಮಲಗಿರಬೇಡಿ. ನಡೆಯಿರಿ, ಕಿಟಕಿ ಹಿಡಿದು ಸೊಂಟ ತಿರುಗಿಸಿ, ಅಂಬೆಗಾಲು ಹಾಕಿ. ಎದ್ದು ಓಡಾಡುವವರಿಗೆ ಈ ಹಂತ ಬೇಗ ಮುಗಿಯುತ್ತದೆ. ಸಾಕಾದಾಗ ಪಕ್ಕಕ್ಕೆ ಮಲಗಿ ನಿದ್ದೆ ಮಾಡಿ. ಡಾಕ್ಟರ್ ಬೇಡ ಅನ್ನದಿದ್ದರೆ ಗಂಜಿ, ಮಜ್ಜಿಗೆ, ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಎರಡು ಗಂಟೆಗೊಮ್ಮೆ ಮೂತ್ರ ಮಾಡಿ ಬನ್ನಿ, ತುಂಬಿದ ಮೂತ್ರಕೋಶ ಮಗುವಿನ ತಲೆಗೆ ಅಡ್ಡ ಬರುತ್ತದೆ.

ಬಾಯಿ 10 ಸೆಂಟಿಮೀಟರ್ ಪೂರ್ತಿ ತೆರೆಯುವ ಮೊದಲೇ "ಮುಕ್ಕವ್ವಾ, ಮುಕ್ಕು" ಅಂತ ಸುತ್ತ ನಿಂತವರು ಕೂಗಿದರೆ ಕೇಳಬೇಡಿ. ಮುಂಚೆಯೇ ಮುಕ್ಕಿದರೆ ಸುಸ್ತಾಗುವುದು ನೀವೇ, ಬಾಯಿಯೂ ಬಾತುಕೊಳ್ಳುತ್ತದೆ. ಮಲಕ್ಕೆ ಹೋಗಬೇಕು ಅನ್ನುವ ತಡೆಯಲಾರದ ಒತ್ತಡ ಬಂದಾಗ ಸಿಸ್ಟರಿಗೆ ಹೇಳಿ, ಅವರು ನೋಡಿ ಹೇಳಿದ ಮೇಲೆ ಮುಕ್ಕಿ. ಯಾರಾದರೂ ಹೊಟ್ಟೆಯ ಮೇಲಿಂದ ಒತ್ತಿ ತಳ್ಳಲು ಬಂದರೆ ಬೇಡ ಅನ್ನಿ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಅನ್ನುತ್ತದೆ.

ತಲೆ ಹೊರಗೆ ಕಾಣುವಾಗ ಸುತ್ತಲೂ ಬೆಂಕಿ ಹಚ್ಚಿದ ಹಾಗೆ ಉರಿಯುತ್ತದೆ. ಮಸಾಜ್ ಮಾಡಿದವರಿಗೆ ಆ ಉರಿಯ ಪರಿಚಯ ಇರುತ್ತದೆ. ಆಗ ಸಿಸ್ಟರ್ "ನಿಲ್ಲಿಸು" ಅಂದರೆ ಮುಕ್ಕುವುದು ಬಿಟ್ಟು, ಬಾಯಿ ತೆರೆದು ಚಿಕ್ಕ ಚಿಕ್ಕ ಉಸಿರು ಬಿಡಿ. ತಲೆ ನಿಧಾನ ಬಂದರೆ ಹರಿಯುವುದು ಕಮ್ಮಿ.

ಮಗುವನ್ನು ಒರೆಸಿ ನಿಮ್ಮ ಬರಿ ಎದೆಯ ಮೇಲೆ ಹಾಕಲು ಹೇಳಿ. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ. ಮಗು ಚೀಪಿದಾಗ ಗರ್ಭಕೋಶ ಬಿಗಿಯುತ್ತದೆ, ರಕ್ತ ಹೋಗುವುದು ಕಮ್ಮಿ ಆಗುತ್ತದೆ. ಬಾಯಿಗೆ ಜೇನು, ಬೆಲ್ಲದ ನೀರು ಏನೂ ಹಾಕಬೇಡಿ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ, ಅದು ಮಗುವಿಗೇ ಸೇರಬೇಕು. ಕೆಂಪು ಗುಳಿಗೆಯ ಹೊಸ ಪಟ್ಟಿಯನ್ನು ಮನೆಗೆ ಹೊರಡುವ ಮುಂಚೆ ಕೇಳಿ ತಗೊಳ್ಳಿ.